ಕೆಂಪು ಡಬ್ಬಿಯ ಶಾಕ್ ಅಬ್ಸಾರ್ಬರ್ ಕಿಟ್: ಕಲಬುರಗಿಯವರೇ, ಕೊಳ್ಳುವ ಮೊದಲು ಇದನ್ನು ಓದಿ

ಕಾರಿನ ಶಾಕ್ ಅಬ್ಸಾರ್ಬರ್ ಬಿಚ್ಚುವ ಸಾಮಾನು ತರಲು ಸೂಪರ್ ಮಾರ್ಕೆಟ್ ಪೇಟೆಯ ಕಡೆಗೆ ಹೊರಟಿದ್ದೀರಾ? ಸ್ವಲ್ಪ ನಿಲ್ಲಿ. ಕೆಂಪು ಡಬ್ಬಿ, ಒಳಗೆ ಬೋಲ್ಟಿನ ತಲೆಗೆ ಕೂರಿಸುವ ಕಪ್ಪು ಸಾಕೆಟ್‌ಗಳು, ಒಂದು ಸ್ಪ್ರೆಡರ್ ಬಿಟ್, ಶಾಕ್ ಅಬ್ಸಾರ್ಬರ್ ಸುತ್ತಲಿನ ಸ್ಪ್ರಿಂಗನ್ನು ಒತ್ತಿ ಹಿಡಿಯುವ ಒಂದು ಜೊತೆ ಸ್ಪ್ರಿಂಗ್ ಕಂಪ್ರೆಸರ್, ಮುಚ್ಚಳದ ಮೇಲೆ ‘ಇಂಪ್ಯಾಕ್ಟ್’ ಎಂಬ ದೊಡ್ಡ ಸ್ಟಿಕ್ಕರ್. ಅದನ್ನು ಕೊಳ್ಳಬೇಡಿ. ಅರ್ಧ ಬೆಲೆಗೆ ಕೊಟ್ಟರೂ ಬೇಡ. ಪುಕ್ಕಟೆ ಕೊಟ್ಟರೂ ಬೇಡ. ಅಂಗಡಿಯ ಹೆಸರು ಹೇಳುವುದಿಲ್ಲ. ಹೇಳಬೇಕೆಂದು ನಾಲಿಗೆ ತುರಿಸುತ್ತಿದೆ, ಆದರೂ ಹೇಳುವುದಿಲ್ಲ.

ನನ್ನದು ಹಳೆಯ ಗಾಡಿ. ಮೊದಲು ಉಡುಪಿಯಲ್ಲಿ ಓಡಿ ಉಪ್ಪುಗಾಳಿ ಕುಡಿದದ್ದು. ಇಲ್ಲಿಗೆ ಬಂದ ಮೇಲೆ ಸೇಡಂ ರಸ್ತೆಯಲ್ಲಿ ಸಿಮೆಂಟ್ ಲಾರಿಗಳ ಹಿಂದೆ ಗುಂಡಿ ಹಾರಿದ್ದು, ಮಳೆಗಾಲದಲ್ಲಿ ಎರೆಮಣ್ಣು ಮೆತ್ತಿಕೊಂಡದ್ದು. ಮುಂದಿನ ಎಡಗಡೆಯ ಶಾಕ್ ಅಬ್ಸಾರ್ಬರ್ ಎಣ್ಣೆ ಸೋರತೊಡಗಿತು. ಬಹಳಷ್ಟು ಕಾರುಗಳಲ್ಲಿ ಅದರ ಬುಡವನ್ನು ಚಕ್ರವನ್ನು ಹೊತ್ತ ಲೋಹದ ತುಂಡಿಗೆ, ಅಂದರೆ ನಕಲ್‌ಗೆ ಎರಡು ಬೋಲ್ಟು ಹಾಕಿ ಬಿಗಿದಿರುತ್ತಾರೆ, ಬೋಲ್ಟು ತೆಗೆದರೆ ಬಿಟ್ಟುಕೊಳ್ಳುತ್ತದೆ. ನನ್ನ ಗಾಡಿಯಲ್ಲಿ ಹಾಗಲ್ಲ. ಕೊಳವೆಯ ಬುಡ ನಕಲ್‌ನ ಒಳಗೇ ಇಳಿದು ಕೂತಿದೆ; ಅಲ್ಲಿ ಉದ್ದಕ್ಕೆ ಒಂದು ಸೀಳು, ಆ ಸೀಳನ್ನು ಒಂದೇ ಬೋಲ್ಟು ಹಿಂಡಿ ಹಿಡಿದಿದೆ. ತುಕ್ಕು ಕಚ್ಚಿದರೆ ಬೋಲ್ಟು ತೆಗೆದರೂ ಶಾಕ್ ಅಬ್ಸಾರ್ಬರ್ ಅಲುಗುವುದಿಲ್ಲ. ಸೀಳಿನೊಳಗೆ ಸ್ಪ್ರೆಡರ್ ತೂರಿಸಿ ಕಾಲು ಸುತ್ತು ತಿರುಗಿಸಬೇಕು. ಆಗ ಸೀಳು ಒಂದಿಷ್ಟು ಅಗಲವಾಗಿ ಹಿಡಿತ ಸಡಿಲುತ್ತದೆ.

ಇದೆಲ್ಲವನ್ನೂ ಅಂಗಡಿಯಾತನಿಗೆ ಮೊಬೈಲಿನಲ್ಲಿ ಫೋಟೊ ತೋರಿಸಿ ವಿವರಿಸಿದ್ದೆ. ಹೊಡೆತ ಕೊಡುತ್ತ ಬೋಲ್ಟು ತಿರುಗಿಸುವ ಯಂತ್ರ, ಅದೇ ಇಂಪ್ಯಾಕ್ಟ್ ಗನ್, ಹಚ್ಚುವವರಿದ್ದೇವೆ ಎಂದೂ ಹೇಳಿದ್ದೆ. “ಸಾಹೇಬರೇ, ಇದು ಇಂಪ್ಯಾಕ್ಟ್ ಸೆಟ್. ಬೋಲ್ಟು ಮುರಿದೀತು, ಇದು ಮುರಿಯುವುದಿಲ್ಲ. ಧೈರ್ಯವಾಗಿ ಒಯ್ಯಿರಿ” ಎಂದ. 4,200 ರೂಪಾಯಿ. ಬಿಲ್ ಕೇಳಿದರೆ “ಪಕ್ಕಾ ಬಿಲ್ ಆದರೆ ಜಿಎಸ್‌ಟಿ 18% ಮೇಲೆ ಬೀಳುತ್ತದೆ, ಸುಮ್ಮನೆ ನಿಮಗೇಕೆ ನಷ್ಟ? ನಾನು ಇಲ್ಲಿಯೇ ಇರುತ್ತೇನಲ್ಲ” ಎಂದು ಚೀಟಿಯಲ್ಲಿ ಬರೆದುಕೊಟ್ಟ. ಮೇಲೆ ಚಹಾ ತರಿಸಿದ. ಆ ಚಹಾ ನೆನೆದರೆ ಈಗಲೂ ಮೈ ಉರಿಯುತ್ತದೆ.

ಕಪನೂರ ಕಡೆ ಪರಿಚಯದ ಉಸ್ತಾದರ ಗ್ಯಾರೇಜಿನಲ್ಲಿ ಗಾಡಿ ಎತ್ತಿದೆವು. ಬೀದರಿನಿಂದ ಬಂದಿದ್ದ ಭಾವ ಖುರ್ಚಿ ಹಾಕಿಕೊಂಡು ಎದುರಿಗೇ ಕೂತಿದ್ದರು. ಬೋಲ್ಟಿಗೆ ಹೊಸ ಸಾಕೆಟ್ ಕೂರಿಸಿ ಉಸ್ತಾದರು ಗನ್ ಒತ್ತಿದರು. ಎರಡು ಸಲ ಗಡಗಡ ಎಂದಿತು, ಆಮೇಲೆ ಟಕ್ ಎಂಬ ಸದ್ದು. ಸಾಕೆಟ್ ಉದ್ದಕ್ಕೆ ಸೀಳಿತ್ತು. ಒಂದು ಚೂರು ಉಸ್ತಾದರ ತೋಳು ಸವರಿಕೊಂಡು ಹೋಗಿ ಶಟರ್‌ಗೆ ಬಡಿಯಿತು.

ಅವರು ಬೈಯಲಿಲ್ಲ. ಡಬ್ಬಿಯಿಂದ ಇನ್ನೊಂದು ಸಾಕೆಟ್ ತೆಗೆದು, ಬಟ್ಟೆಗೆ ಪೆಟ್ರೋಲ್ ಹಾಕಿ ತಿಕ್ಕಿದರು. ಬಟ್ಟೆ ಕಪ್ಪಾಯಿತು, ಸಾಕೆಟ್ ಬೆಳ್ಳಗಾಯಿತು. ಒಳಗೆ ಫಳಫಳ ಹೊಳೆಯುವ ಕ್ರೋಮ್ ಲೇಪ! ಕೈಯಿಂದ ತಿರುಗಿಸುವ ಸಾದಾ ಸಾಕೆಟ್‌ಗೆ ಕಪ್ಪು ಬಣ್ಣ ಬಳಿದು ಇಂಪ್ಯಾಕ್ಟ್ ಎಂದು ಮಾರಿದ್ದ. ನಿಜವಾದ ಇಂಪ್ಯಾಕ್ಟ್ ಸಾಕೆಟ್ ಸಾಮಾನ್ಯವಾಗಿ ಕ್ರೋಮ್ ಮಾಲಿಬ್ಡಿನಂ ಉಕ್ಕಿನದು, ಗೋಡೆ ದಪ್ಪ, ಗನ್ನಿನ ಹೊಡೆತ ತಾಳಿಕೊಳ್ಳುತ್ತದೆ. ಸಾದಾ ಕ್ರೋಮ್ ಸಾಕೆಟ್ ಗಡಸು, ಗೋಡೆ ತೆಳು, ಹೊಡೆತ ಬಿದ್ದರೆ ಬಿರಿಯುತ್ತದೆ. ಗ್ಯಾರೇಜಿನ ಹುಡುಗರಿಗೂ ಗೊತ್ತಿರುವ ಮಾತು ಇದು, ಇಷ್ಟು ವರ್ಷ ಗಲ್ಲೆಯ ಮೇಲೆ ಕೂತವನಿಗೆ ಗೊತ್ತಿಲ್ಲವೇ? ಭಾವ ಸಾಕೆಟ್ ಕೈಗೆ ತೆಗೆದುಕೊಂಡು ತಿರುಗಿಸಿ ನೋಡಿ, “ಮೇಲೆ ಕಪ್ಪು, ಕೆರೆದರೆ ಬೆಳ್ಳಿ. ನಮ್ಮ ಊರಿನ ಬಿದರಿ ಕೆಲಸವಲ್ಲವೇ ಇದು? 4,200 ಅಗ್ಗವೇ ಆಯಿತು” ಎಂದರು. ಗ್ಯಾರೇಜಿಗೆ ಗ್ಯಾರೇಜೇ ನಕ್ಕಿತು. ಪಂಕ್ಚರ್ ಹಾಕಿಸಲು ಬಂದವರೂ ನಕ್ಕರು. ನನಗೆ ಎಲ್ಲಿ ನೋಡಬೇಕೋ ತಿಳಿಯಲಿಲ್ಲ.

ಸ್ಪ್ರೆಡರ್ ಕಥೆ ಇನ್ನೂ ಚಿಕ್ಕದು. ಸೀಳಿನಲ್ಲಿಟ್ಟು ತಿರುಗಿಸಿದರೆ ಸೀಳು ಅಗಲವಾಗಲಿಲ್ಲ, ಸ್ಪ್ರೆಡರೇ ತಿರುಚಿಕೊಂಡಿತು. ಉಸ್ತಾದರು ಅದರ ಅಂಚಿಗೆ ಅರ ಹಚ್ಚಿ ತೋರಿಸಿದರು. ಹದ ಕೊಟ್ಟ ಉಕ್ಕಿನ ಮೇಲೆ ಅರ ಜಾರಬೇಕು. ಇದರಲ್ಲಿ ಪುಡಿ ಉದುರಿತು. ಬರೀ ಮೆತ್ತನೆಯ ಕಬ್ಬಿಣ.

ಅಲ್ಲಿಂದಲೇ ಅಂಗಡಿಯಾತನಿಗೆ ಫೋನ್ ಮಾಡಿದೆ. ಆತನ ಉತ್ತರ ಕೇಳಿ: “ಜಂಗು ಹಿಡಿದ ಗಾಡಿ ಅದು, ಪಾನಾ ಏನು ಮಾಡುತ್ತದೆ? ಗ್ಯಾಸ್ ಹಚ್ಚಿ ಕೆಂಪಗೆ ಕಾಯಿಸಿರಿ, ತಾನೇ ಬರುತ್ತದೆ.” ಸ್ಪೀಕರ್ ಹಾಕಿದ್ದೆ. ಉಸ್ತಾದರು ಅಷ್ಟು ಹೊತ್ತಿನಲ್ಲಿ ಮೊದಲ ಸಲ ಸಿಟ್ಟಾದರು. ಶಾಕ್ ಅಬ್ಸಾರ್ಬರ್ ಮುಚ್ಚಿದ ಕೊಳವೆ. ಒಳಗೆ ಎಣ್ಣೆ, ಗ್ಯಾಸ್ ಮಾದರಿಯದಾದರೆ ಒತ್ತಿ ತುಂಬಿದ ನೈಟ್ರೋಜನ್ ಕೂಡ. ಅದಕ್ಕೆ ಬೆಂಕಿ ಹಿಡಿದರೆ ಸಿಡಿಯುತ್ತದೆ. ಮೋಸದ ಮಾಲು ಮಾರಿದ್ದು ಸಾಲದೆಂದು ಜೀವ ತೆಗೆಯುವ ಸಲಹೆಯನ್ನೂ ಕೊಟ್ಟ!

ಕೊನೆಗೆ ಕೆಲಸ ಮಾಡಿದ್ದು ಉಸ್ತಾದರ ಹಳೆಯ ಸ್ಪ್ರೆಡರ್. ಜಂಗು ಬಿಡಿಸುವ ಎಣ್ಣೆ ಸುರಿದು ರಾತ್ರಿಯಿಡೀ ಬಿಟ್ಟು, ಬೆಳಿಗ್ಗೆ ಸೀಳು ಅಗಲಿಸಿ, ನಕಲ್ ಮೇಲೆ ಸುತ್ತಿಗೆಯಿಂದ ಬಡಿದು ಕೆಳಗಿಳಿಸಿದರು. ಅವರ ಸ್ಪ್ರಿಂಗ್ ಕಂಪ್ರೆಸರ್ ಮಾತ್ರ ಬೇರೆಯವರ ಬಳಿ ಹೋಗಿತ್ತು. ಹಾಗಾಗಿ ಡಬ್ಬಿಯದ್ದನ್ನೇ, ಸ್ಪ್ರಿಂಗಿಗೆ ಸರಪಳಿ ಸುತ್ತಿ, ಎದುರುಬದುರು ಹಾಕಿ, ಆ ಕಡೆ ಒಂದು ಸುತ್ತು ಈ ಕಡೆ ಒಂದು ಸುತ್ತು ಎಂದು ಕೈಯಿಂದಲೇ ಬಿಗಿದರು. ಅರ್ಧಕ್ಕೆ ಬರುವಷ್ಟರಲ್ಲಿ ಒಂದು ಕೊಕ್ಕೆ ಮೆಲ್ಲಗೆ ಬಾಯಿ ತೆರೆಯತೊಡಗಿತು. “ಎಲ್ಲರೂ ಸರಿಯಿರಿ” ಎಂದು ಕೂಗಿ, ಒಂದೊಂದೇ ಸುತ್ತು ಬಿಚ್ಚಿದರು. ಆಗ ಯಾರೂ ನಗಲಿಲ್ಲ. ಬಿಗಿದ ಸ್ಪ್ರಿಂಗ್ ಜಿಗಿದರೆ ಮುಖ ಉಳಿಯುವುದಿಲ್ಲ. ಇದೊಂದನ್ನು ಮಾತ್ರ ಕ್ಷಮಿಸಲಾರೆ. ಸಾಕೆಟ್ ಒಡೆಯಲಿ, ದುಡ್ಡು ಹೋಗಲಿ, ಆದರೆ ಈ ಕೊಕ್ಕೆ!

ಡಬ್ಬಿ ಸಮೇತ ಅಂಗಡಿಗೆ ಹೋದೆ. ಈ ಸಲ ಚಹಾ ಇಲ್ಲ. “ಏನು ತಮ್ಮಾ, ಮತ್ತೆ ಬಂದೆ?” ಬಣ್ಣ ಹೋದ ಸಾಕೆಟ್ ಮುಂದಿಟ್ಟೆ. ನೋಡಿದ, ಒರೆಸಿದ, ಎಷ್ಟು ನೆಮ್ಮದಿಯಿಂದ ಹೇಳಿದನೆಂದರೆ: “ನಾನು ಇಂಪ್ಯಾಕ್ಟ್ ಫಿನಿಶ್ ಎಂದಿದ್ದು. ಫಿನಿಶ್ ಇಂಪ್ಯಾಕ್ಟ್, ಮಾಲು ಸಾದಾ.” ಮತ್ತೆ ಕೇಳಿದೆ. ಮತ್ತೆ ಅದನ್ನೇ ಹೇಳಿದ. ಕೊಕ್ಕೆ ತೋರಿಸಿದರೆ “ಬಿಗಿಯಲು ಬರದವರು ಬಿಗಿದರೆ ಹೀಗೆಯೇ” ಎಂದ. ನಲವತ್ತು ವರ್ಷದ ಅನುಭವವಿರುವ ಉಸ್ತಾದರಿಗೆ ಬಿಗಿಯಲು ಬರುವುದಿಲ್ಲವಂತೆ! ದುಡ್ಡು ವಾಪಸ್ ಎಂದೊಡನೆ “ಬಿಲ್ ತೋರಿಸು” ಎಂದ. ತಾನೇ ಕೊಡದ ಬಿಲ್ಲು!

ಮಾರಿದ ಮಾಲು ವಾಪಸ್ ಇಲ್ಲ ಎಂಬ ಫಲಕ ಅವನ ತಲೆಯ ಮೇಲೆಯೇ ತೂಗುತ್ತಿತ್ತು. ಅದಕ್ಕೆ ಹೆದರಬೇಡಿ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ಬಿಲ್ ಕೊಡದಿರುವುದೂ ಅನುಚಿತ ವ್ಯಾಪಾರವೇ. ದೋಷವಿರುವ ಮಾಲನ್ನು ಬಿಲ್ಲಿನಲ್ಲಿ ಬರೆದ ಅವಧಿಯೊಳಗೆ, ಅವಧಿ ಬರೆಯದಿದ್ದರೆ 30 ದಿನಗಳೊಳಗೆ, ವಾಪಸ್ ಪಡೆಯಲು ನಿರಾಕರಿಸುವುದೂ ಅದರಲ್ಲೇ ಸೇರುತ್ತದೆ. ನಾನು ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಟ್ಟಿದ್ದೇನೆ. ದುಡ್ಡು ಯುಪಿಐನಲ್ಲಿ ಕಟ್ಟಿದ್ದರ ದಾಖಲೆ ಇದೆ, ಚೀಟಿ ಇದೆ, ಸೀಳಿದ ಸಾಕೆಟ್ ಇದೆ. ಜಿಲ್ಲಾ ಗ್ರಾಹಕ ಆಯೋಗಕ್ಕೂ ಹೋಗುತ್ತೇನೆ. 5 ಲಕ್ಷದವರೆಗಿನ ವ್ಯವಹಾರಕ್ಕೆ ಅಲ್ಲಿ ಶುಲ್ಕವೇ ಇಲ್ಲ.

ಕೊಳ್ಳಲೇಬೇಕೆಂದರೆ ಪಕ್ಕಾ ಬಿಲ್ ಇಲ್ಲದೆ ದುಡ್ಡು ಬಿಚ್ಚಬೇಡಿ. ಜೇಬಿನಲ್ಲಿ ಪೆಟ್ರೋಲ್ ಹಾಕಿದ ಬಟ್ಟೆ, ಒಂದು ಅರ ಇಟ್ಟುಕೊಂಡು ಹೋಗಿ. ಹಚ್ಚಿ ನೋಡುತ್ತೇನೆ ಎಂದಾಗ ಮುಖ ಸಣ್ಣದಾಗುವ ಅಂಗಡಿಯಿಂದ ಎದ್ದು ಬನ್ನಿ. ಗಟ್ಟಿ ಕೂತ ಬೋಲ್ಟಿಗೆ ಆರು ಮೂಲೆಯ ಸಾಕೆಟ್ಟೇ ಇರಲಿ, ಹನ್ನೆರಡು ಮೂಲೆಯದು ಬೋಲ್ಟಿನ ತಲೆ ಸವೆಸುತ್ತದೆ. ಸ್ಪ್ರಿಂಗ್ ಕಂಪ್ರೆಸರ್ ಅಗ್ಗದ್ದು ಬೇಡವೇ ಬೇಡ, ಗ್ಯಾರೇಜಿನವರದ್ದನ್ನು ಬಾಡಿಗೆಗೆ ಕೇಳಿ.

ನಿನ್ನೆ ಆ ದಾರಿಯಲ್ಲೇ ಹೋದೆ. ಅದೇ ಕೆಂಪು ಡಬ್ಬಿಗಳನ್ನು ಅಂಗಡಿಯ ಮುಂದೆ ಒಟ್ಟಿದ್ದಾನೆ, ಸ್ಟಿಕ್ಕರ್ ಬದಲಾಗಿದೆ: ಈಗ ‘ಹೆವಿ ಡ್ಯೂಟಿ’ ಎಂದಿದೆ. ಈಗಾಗಲೇ ಕೊಂಡಿದ್ದರೆ ಆ ಕಂಪ್ರೆಸರನ್ನು ಸ್ಪ್ರಿಂಗಿಗೆ ಹಾಕಬೇಡಿ.