ಕೀಲುನೋವು: ನೋವಿನ ಗುಳಿಗೆಯೋ, ಬೇಗನೆ ಚಿಕಿತ್ಸೆಯೋ?

ಬೆಳಿಗ್ಗೆ ರೊಟ್ಟಿ ಬಡಿಯಲು ಹೋದರೆ ಬೆರಳು ಮಡಚುವುದಿಲ್ಲ. ಎರಡೂ ಕೈಗಳ ಸಣ್ಣ ಕೀಲುಗಳು ಊದಿವೆ. ಬಿಗಿತ ಬಿಡಲು ಒಂದು ತಾಸಾದರೂ ಬೇಕು. ಹೀಗಿದ್ದರೆ ಅದು ರುಮಟಾಯ್ಡ್ ಸಂಧಿವಾತ, ಅಂದರೆ ದೇಹದ ರೋಗನಿರೋಧಕ ಶಕ್ತಿಯೇ ಕೀಲುಗಳ ಮೇಲೆ ತಿರುಗಿಬೀಳುವ ರೋಗ ಇರಬಹುದು.

ನಮ್ಮ ಬಾಗಲಕೋಟೆ ಕಡೆ ತುಂಬಾ ಜನ ಹಿಡಿಯುವ ದಾರಿ ಮೆಡಿಕಲ್ ಅಂಗಡಿಯ ನೋವಿನ ಗುಳಿಗೆ. ಅಗ್ಗ, ಬೇಗ ಹಾಯೆನಿಸುತ್ತದೆ. ಆದರೆ ಒಳಗೆ ಕೀಲು ಹಾಳಾಗುವುದು ನಿಲ್ಲುವುದಿಲ್ಲ. ವರ್ಷಗಟ್ಟಲೆ ನುಂಗಿದರೆ ಹೊಟ್ಟೆ ಹುಣ್ಣು, ಕಿಡ್ನಿ ತೊಂದರೆಯ ಭಯ ಬೇರೆ.

ಇನ್ನೊಂದು ದಾರಿ, ರುಮಟಾಲಜಿಸ್ಟ್ (ಕೀಲುವಾತದ ತಜ್ಞ ವೈದ್ಯರು) ಬಳಿ ಹೋಗಿ ರೋಗವನ್ನೇ ಹತ್ತಿಕ್ಕುವ ಔಷಧಿ ಶುರು ಮಾಡುವುದು. ಸಾಮಾನ್ಯವಾಗಿ ಮೊದಲು ಕೊಡುವುದು ಮೆಥೊಟ್ರೆಕ್ಸೇಟ್. ಇದು ವಾರಕ್ಕೆ ಒಂದೇ ದಿನ. ತಪ್ಪಿ ದಿನಾ ನುಂಗಿದರೆ ಪ್ರಾಣಕ್ಕೇ ಅಪಾಯ, ದಯವಿಟ್ಟು ಆ ದಿನವನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿಡಿ. ಜೊತೆಗೆ ಫೋಲಿಕ್ ಆಸಿಡ್ ಎಂಬ ವಿಟಮಿನ್ ಗುಳಿಗೆ, ಆಗಾಗ ರಕ್ತಪರೀಕ್ಷೆ. ಗರ್ಭಿಣಿಯರಿಗೆ ಇದು ಕೂಡದು. ಗುಣ ಕಾಣಲು 6ರಿಂದ 12 ವಾರ ಬೇಕು. ಇಲ್ಲೇ ಹಲವರು ಬೇಸತ್ತು ಬಿಟ್ಟುಬಿಡುತ್ತಾರೆ, ಅಲ್ವಾ?

ಓಡಾಟ, ಖರ್ಚು ಜಾಸ್ತಿ, ನಿಜ. ಆದರೂ ನಾನು ಹೇಳುವುದು ಇದನ್ನೇ. ಮೊದಲ 3ರಿಂದ 6 ತಿಂಗಳೊಳಗೆ ಔಷಧಿ ಶುರುವಾದರೆ ರೋಗ ಹಿಡಿತಕ್ಕೆ ಬರುವ ಸಾಧ್ಯತೆ ಹೆಚ್ಚು. ಒಮ್ಮೆ ಸೊಟ್ಟಗಾದ ಬೆರಳನ್ನು ಯಾವ ಗುಳಿಗೆಯೂ ನೆಟ್ಟಗೆ ಮಾಡುವುದಿಲ್ಲ. ಇಳಕಲ್ಲಿನ ಮಗ್ಗದ ಮುಂದೆ ಕೂರುವವರಿಗೆ ಆ ಬೆರಳೇ ಅನ್ನ.

ಈ ರೋಗ ಪತ್ತೆಗೆ ರಕ್ತದಲ್ಲಿ ನೋಡುವ ರುಮಟಾಯ್ಡ್ ಫ್ಯಾಕ್ಟರ್ ಎಂಬ ಅಂಶ ನೆಗೆಟಿವ್ ಬಂತೆಂದು ಸುಮ್ನೆ ಕೂರಬೇಡಿ. ಅದು ನೆಗೆಟಿವ್ ಇದ್ದೂ ಕೆಲವರಿಗೆ ರೋಗ ಇರುತ್ತದೆ. ಊತ ಇಳಿಯದಿದ್ದರೆ ತೋರಿಸಿ.