ತೊಣ್ಣೂರು ಕೆರೆ ಏರಿ: ಗಟ್ಟಿ ಎಲ್ಲಿ, ಕಣ್ಣಿಡಬೇಕಾದ್ದು ಎಲ್ಲಿ

ಪಾಂಡವಪುರ ತಾಲ್ಲೂಕಿನ ತೊಣ್ಣೂರು ಕೆರೆ ನೋಡಿ ಬಂದವರೆಲ್ಲ ತಿಳಿನೀರನ್ನು ಹೊಗಳುತ್ತಾರೆ, ನಂಬಿನಾರಾಯಣನ ಗುಡಿಯನ್ನು ನೆನೆಯುತ್ತಾರೆ. ಅಷ್ಟು ನೀರನ್ನು ಹಿಡಿದು ನಿಲ್ಲಿಸಿರುವ ಏರಿಯ ಮಾತು ಬರುವುದೇ ಇಲ್ಲ. ಇಲ್ಲಿರುವುದು ಏರಿಯ ವಿಮರ್ಶೆ ಮಾತ್ರ: ಯಾಕೆ ಉಳಿದಿದೆ, ಎಲ್ಲಿ ಕೈಕೊಡಬಹುದು, ನೋಡುವವರು ಏನನ್ನು ನೋಡಬೇಕು.

ಜಾಗದ ಆಯ್ಕೆಗೆ ಪೂರ್ತಿ ಅಂಕ ಕೊಡಬೇಕು. ಎರಡು ಹಳ್ಳಗಳು ಕೂಡಿ, ಎರಡು ಕಲ್ಲುಗುಡ್ಡಗಳ ನಡುವಿನ ಕಿರಿದಾದ ಸಂದಿಯಲ್ಲಿ ಹರಿದುಹೋಗುತ್ತಿದ್ದವು. ಆ ಸಂದಿಗೆ ಮಣ್ಣು ತುಂಬಿದ್ದೇ ಏರಿ. ಕಟ್ಟಿಸಿದವರು ರಾಮಾನುಜಾಚಾರ್ಯರು ಎಂಬುದು ಊರಿನ ನಂಬಿಕೆ. ಈಸ್ಟ್ ಇಂಡಿಯಾ ಕಂಪನಿಗಾಗಿ ಮೈಸೂರು ಸೀಮೆ ಸುತ್ತಿ ವರದಿ ಬರೆದ, 1800ರಲ್ಲಿ ಇಲ್ಲಿಗೂ ಬಂದ ಬುಕಾನನ್ ಬರೆದುಕೊಂಡ ಪ್ರಕಾರ ಎತ್ತರ 78 ಮೊಳ, ಉದ್ದ 150 ಮೊಳ, ಬುಡದ ದಪ್ಪ 250 ಮೊಳ. ಇದು ಜನ ಹೇಳಿದ ಲೆಕ್ಕ, ಸರಪಳಿ ಹಿಡಿದು ಅಳೆದದ್ದಲ್ಲ. ಆದರೂ ಅನುಪಾತ ಗಮನಿಸಿ: ಬುಡ ಎತ್ತರದ ಮೂರು ಪಟ್ಟಿಗೂ ಹೆಚ್ಚು. ಮಣ್ಣಿನೊಳಗೆ ನುಸುಳುವ ನೀರು ಆಚೆ ಬದಿ ತಲುಪಲು ಅಷ್ಟು ದೂರ ಸಾಗಬೇಕು. ಸಾಗುತ್ತ ಸಾಗುತ್ತ ಅದರ ಒತ್ತಡ ಇಳಿಯುತ್ತದೆ. ಉದ್ದ ಕಡಿಮೆ ಇರುವುದೂ ಒಳ್ಳೆಯದೇ. ಮೈಲಿಗಟ್ಟಲೆ ಏರಿಯಲ್ಲಿ ಒಂದು ಹುತ್ತ ಕಣ್ಣು ತಪ್ಪಬಹುದು. ಇಷ್ಟು ಗಿಡ್ಡ ಏರಿಯನ್ನು ಒಬ್ಬ ನೀರಗಂಟಿ ಬೆಳಗಿನ ಒಂದು ಸುತ್ತಿನಲ್ಲಿ ನೋಡಿ ಮುಗಿಸಬಹುದು.

ಆದರೆ ಈ ಕೆರೆಯನ್ನು ಕಾಪಾಡುತ್ತಿರುವುದು ದಪ್ಪಕ್ಕಿಂತ ಹೆಚ್ಚಾಗಿ ಕೋಡಿ. ಹೆಚ್ಚಾದ ನೀರು ಹೋಗಲು ಏರಿಯ ಮೈಯಲ್ಲಿ ದಾರಿ ಬಿಟ್ಟಿಲ್ಲ. ಪಕ್ಕದ ಗುಡ್ಡವನ್ನೇ ಕಡಿದು ಕಾಲುವೆ ಮಾಡಿದ್ದಾರೆ. ಮಣ್ಣಿನ ಏರಿಗೆ ದೊಡ್ಡ ಶತ್ರು ತಲೆಯ ಮೇಲೆ ಹತ್ತುವ ನೀರು. ಅರ್ಧ ಅಡಿ ನೀರು ಏರಿಯ ಮೇಲೆ ಹರಿದರೂ ಹೊರ ಇಳಿಜಾರು ಕೊರೆದು, ಕೊರಕಲು ಮೇಲೇರುತ್ತ ಬಂದು, ಕೆಲವೇ ಗಂಟೆಗಳಲ್ಲಿ ಏರಿ ಬಾಯಿ ಬಿಡುತ್ತದೆ. 2021ರ ನವೆಂಬರ್‌ನಲ್ಲಿ ಆಂಧ್ರದ ಚೆಯ್ಯೇರು ನದಿಯ ಅನ್ನಮಯ್ಯ ಅಣೆಕಟ್ಟೆಯಲ್ಲಿ ಆದದ್ದು ಇದೇ: ಒಂದು ಗೇಟು ಕೆಟ್ಟಿತ್ತು, ಪ್ರವಾಹ ಬಂತು, ನೀರು ಮೇಲೆ ಹತ್ತಿತು, ಮಣ್ಣಿನ ಏರಿ ಕೊಚ್ಚಿಹೋಯಿತು. ಕಲ್ಲುಗುಡ್ಡದಲ್ಲಿ ಕಡಿದ ಕೋಡಿಗೆ ಎತ್ತಬೇಕಾದ ಗೇಟಿಲ್ಲ, ತುಂಡಾಗುವ ಸರಪಳಿಯಿಲ್ಲ, ನಡುರಾತ್ರಿ ಕರೆಂಟು ಹೋದರೂ ಚಿಂತೆಯಿಲ್ಲ. ನೀರು ಮಟ್ಟ ಮುಟ್ಟಿದರೆ ತಾನಾಗಿ ಹರಿಯುತ್ತದೆ.

ಹಾಗಾಗಿ ಇಲ್ಲಿ ಮಾಡಬಹುದಾದ ಅತಿ ದೊಡ್ಡ ತಪ್ಪು ಕೋಡಿಗೆ ಕೈ ಹಾಕುವುದು. ಇನ್ನೊಂದಿಷ್ಟು ನೀರು ನಿಲ್ಲಲಿ ಎಂದು ಕೋಡಿಯ ಮೇಲೆ ಮರಳುಮೂಟೆ ಅಥವಾ ಕಲ್ಲು ಪೇರಿಸುವ ಚಟ ನಮ್ಮ ಅನೇಕ ಊರುಗಳಲ್ಲಿದೆ. ಕೋಡಿ ಮಟ್ಟಕ್ಕೂ ಏರಿಯ ತಲೆಗೂ ನಡುವೆ ಬಿಟ್ಟ ಅಂತರ ಅಲೆಗೆ, ಹಠಾತ್ ಮಳೆಗೆ ಮೀಸಲು. ಒಂದೂವರೆ ಅಡಿ ಮೂಟೆ ಪೇರಿಸಿದರೆ ಅಷ್ಟೂ ಅಂತರ ಹೋಯಿತು. ಕೋಡಿಯ ಕಾಲುವೆಯಲ್ಲಿ ಜಾಲಿ ಬೆಳೆದರೂ ಪ್ಲಾಸ್ಟಿಕ್ ಸಿಕ್ಕಿಕೊಂಡರೂ ಫಲ ಅದೇ. ಮೇ ತಿಂಗಳಲ್ಲಿ ಒಮ್ಮೆ, ಹಿಂಗಾರಿಗೆ ಮುಂಚೆ ಇನ್ನೊಮ್ಮೆ ಕೋಡಿ ಬಿಡಿಸಲೇಬೇಕು.

ಅಂಕ ಕಳೆಯುವ ಜಾಗವೂ ಒಂದಿದೆ. ಶ್ರೀರಂಗಪಟ್ಟಣದ ಯುದ್ಧಗಳ ಕಾಲದಲ್ಲಿ, ನೀರು ಶತ್ರುಗಳಿಗೆ ಸಿಗಬಾರದೆಂದು ಟಿಪ್ಪು ಈ ಏರಿಯನ್ನು ಒಡೆಸಿದ್ದ, ಬಳಿಕ ಕಟ್ಟಿದರು. ಚರಿತ್ರೆ ಓದುವವರಿಗೆ ಅದೊಂದು ಘಟನೆ. ಏರಿ ಪರೀಕ್ಷಿಸುವವರಿಗೆ ಅದೊಂದು ಹೊಲಿಗೆ. ಶತಮಾನಗಳ ಕಾಲ ಕುಳಿತು ಗಟ್ಟಿಯಾದ ಹಳೆ ಮಣ್ಣಿಗೂ ಆಮೇಲೆ ತುಂಬಿದ ಮಣ್ಣಿಗೂ ಕುಸಿತ ಒಂದೇ ಸಮ ಇರುವುದಿಲ್ಲ. ಹೊಸದು ಹೆಚ್ಚು ಕೂರುತ್ತದೆ, ಸೇರುವೆಯಲ್ಲಿ ಬಿರುಕು ಬಿಡುತ್ತದೆ, ನುಸುಳುವ ನೀರು ಆ ಬಿರುಕನ್ನೇ ಹುಡುಕಿಕೊಳ್ಳುತ್ತದೆ. ದುರಸ್ತಿಯಾಗಿ ಎಷ್ಟೇ ವರ್ಷ ಕಳೆದಿದ್ದರೂ ಏರಿಯ ತಲೆಯ ಮೇಲೆ ತಗ್ಗು ಕಂಡರೆ, ಅದಕ್ಕೆ ನೇರವಾಗಿ ಹೊರ ಬುಡದಲ್ಲಿ ಹಸಿ ಇದೆಯೇ ಎಂದು ಮೊದಲು ನೋಡಬೇಕು. ಹಳೆಯ ಮಣ್ಣಿನ ಏರಿಗಳೊಳಗೆ ಈಗಿನ ಅಣೆಕಟ್ಟುಗಳ ಹಾಗೆ ನೀರನ್ನು ಬಿಟ್ಟು ಮಣ್ಣನ್ನು ತಡೆಯುವ ಮರಳಿನ ಸೋಸುಪದರ ಇರುವುದಿಲ್ಲ ಎಂಬುದೂ ನೆನಪಿರಲಿ.

ನೋಡುವುದು ಹೇಗೆ? ನೀರಿನ ಕಡೆಯಿಂದ ಅಲ್ಲ, ಬೆನ್ನ ಕಡೆಯಿಂದ. ಬೇಸಿಗೆಯಲ್ಲಿ ಸುತ್ತಲೂ ಹುಲ್ಲು ಒಣಗಿರುವಾಗ ಏರಿಯ ಬುಡದಲ್ಲಿ ಒಂದು ಕಡೆ ಮಾತ್ರ ಹಚ್ಚಗಿದ್ದರೆ, ಜೊಂಡು ಎದ್ದಿದ್ದರೆ, ಅಲ್ಲಿ ಒಸರು ಇದೆ. ಒಸರಿದ್ದ ಮಾತ್ರಕ್ಕೆ ಗಾಬರಿ ಬೇಡ. ಒಸರದ ಮಣ್ಣಿನ ಏರಿ ಇಲ್ಲ. ನೋಡಬೇಕಾದ್ದು ಎರಡು: ಪ್ರಮಾಣ ಮತ್ತು ಬಣ್ಣ. ಒಸರು ನೀರನ್ನು ಒಂದು ಸಣ್ಣ ಕೊಳವೆಗೆ ತಿರುಗಿಸಿ, 10 ಲೀಟರ್ ಬಕೆಟ್ ತುಂಬಲು ಎಷ್ಟು ಸೆಕೆಂಡ್ ಹಿಡಿಯಿತು ಎಂದು ವಾರಕ್ಕೊಮ್ಮೆ ಬರೆದಿಡಬೇಕು, ಜೊತೆಗೆ ಆ ದಿನದ ಕೆರೆ ಮಟ್ಟವನ್ನೂ. ಕೆರೆ ಮಟ್ಟ ಅಷ್ಟೇ ಇದ್ದು ಒಸರು ಹೆಚ್ಚಿದರೆ ಒಳಗೆ ದಾರಿ ಅಗಲವಾಗುತ್ತಿದೆ. ನೀರು ಕದಡಿ ಬಂದರೆ ಏರಿಯ ಮಣ್ಣೇ ಹೊರಗೆ ಬರುತ್ತಿದೆ. ಅವತ್ತೇ ಎಂಜಿನಿಯರಿಗೆ ತಿಳಿಸಬೇಕು, ಏರಿಯೊಳಗಿಂದ ನೀರು ಬಿಡುವ ತೂಬು ತೆರೆದು ಮಟ್ಟ ಇಳಿಸುವ ಮಾತು ಶುರುವಾಗಬೇಕು. ಮಹಾರಾಷ್ಟ್ರದ ರತ್ನಾಗಿರಿ ಜಿಲ್ಲೆಯ ತಿವರೆಯಲ್ಲಿ ಸೋರಿಕೆಯ ಬಗ್ಗೆ ಊರವರು ಮೊದಲೇ ದೂರಿದ್ದರು. 2019ರ ಜುಲೈ 2ರ ರಾತ್ರಿ ಆ ಸಣ್ಣ ಅಣೆಕಟ್ಟು ಒಡೆದು ಮನೆಗಳೂ ಜೀವಗಳೂ ಹೋದವು.

ಕದಡು ನೀರು ಕಂಡಾಗ ಮಾಡುವ ಸಾಮಾನ್ಯ ತಪ್ಪೆಂದರೆ ಆ ತೂತಿಗೆ ಜೇಡಿಮಣ್ಣು ಮೆತ್ತುವುದು. ಹೊರಗೆ ಬಾಯಿ ಮುಚ್ಚಿದರೆ ಒಳಗೆ ಒತ್ತಡ ಏರಿ ಪಕ್ಕದಲ್ಲಿ ಒಡೆಯುತ್ತದೆ. ನೀರು ಬರಲಿ, ಮಣ್ಣು ಬರದಿರಲಿ: ಮೊದಲು ದಪ್ಪ ಮರಳು ಒಂದು ಗೇಣು, ಮೇಲೆ ಸಣ್ಣ ಜಲ್ಲಿ, ಅದರ ಮೇಲೆ ದಪ್ಪ ಜಲ್ಲಿ, ಕೊನೆಗೆ ಒತ್ತಾಗಿ ಕಲ್ಲು. ಈ ಕ್ರಮ ತಿರುವುಮುರುವಾದರೆ ಪ್ರಯೋಜನವಿಲ್ಲ. ಮಟ್ಟ ಇಳಿಸುವಾಗಲೂ ಆತುರ ಕೂಡದು. ನೆನೆದ ಒಳ ಇಳಿಜಾರಿಗೆ ನೀರಿನ ಆಸರೆ ಥಟ್ಟನೆ ತಪ್ಪಿದರೆ ಮಣ್ಣು ಜಾರುತ್ತದೆ. ಏರಿ ಒಡೆಯುವ ಗಂಡಾಂತರ ಎದುರಿಗೇ ಇಲ್ಲದಿದ್ದರೆ ದಿನಕ್ಕೆ ಒಂದಡಿ ಸಾಕು.

ಗಿಡಮರಗಳ ವಿಷಯದಲ್ಲಿ ಪ್ರೀತಿ ಅಡ್ಡ ಬರುತ್ತದೆ, ನೆರಳು ಯಾರಿಗೆ ಬೇಡ. ಆದರೆ ಏರಿಯ ಮೇಲೆ ಹುಲ್ಲು ಮಾತ್ರ ಇರಬೇಕು. ಆಲ, ಅರಳಿ, ಜಾಲಿಗಳನ್ನು ಮಣಿಕಟ್ಟಿನಷ್ಟು ದಪ್ಪವಾಗುವ ಮೊದಲೇ ಬೇರುಸಮೇತ ಕಿತ್ತರೆ ಸುಲಭ. ದೊಡ್ಡ ಮರ ಕಡಿದು ಬೇರು ಬಿಟ್ಟರೆ, ಬೇರು ಕೊಳೆತ ಮೇಲೆ ಅದೇ ಜಾಗ ನೀರಿನ ಕೊಳವೆ. ಕೆರೆ ಮಟ್ಟ ಇಳಿದಾಗ ಬೇರು ಅಗೆದು, ಅರ್ಧ ಅಡಿ ಅರ್ಧ ಅಡಿಯಾಗಿ ತೇವದ ಮಣ್ಣು ಹಾಕಿ ದಮ್ಮಸು ಮಾಡಬೇಕು. ಹೆಗ್ಗಣದ ಬಿಲಕ್ಕೂ ಗೆದ್ದಲ ಹುತ್ತಕ್ಕೂ ಇದೇ ಮದ್ದು, ಮೇಲೆ ಮೇಲೆ ಮುಚ್ಚಿದರೆ ಸಾಲದು. ತೂಬಿನಲ್ಲಿ ನೋಡಬೇಕಾದ್ದು ಒಂದೇ: ಮುಚ್ಚಿದಾಗಲೂ ತೂಬಿನ ಗೋಡೆಯ ಹೊರಮೈ ಗುಂಟ ನೀರು ಬರುತ್ತಿದೆಯೇ. ಬಂದರೆ ಅದು ತೂಬಿನ ಸೋರಿಕೆಯಲ್ಲ, ಏರಿಯ ಸೋರಿಕೆ.

2021ರ ಅಣೆಕಟ್ಟು ಸುರಕ್ಷತಾ ಕಾಯ್ದೆಯಡಿ 15 ಮೀಟರಿಗಿಂತ ಎತ್ತರದ ಅಣೆಕಟ್ಟುಗಳಿಗೆ, ಕೆಲವು ಷರತ್ತುಗಳ ಮೇಲೆ 10ರಿಂದ 15 ಮೀಟರಿನವಕ್ಕೆ, ಮುಂಗಾರಿಗೆ ಮುನ್ನ ಮತ್ತು ಮಳೆಗಾಲದ ನಂತರ ತಪಾಸಣೆ ಕಡ್ಡಾಯ. ಅದಕ್ಕಿಂತ ಗಿಡ್ಡ ಏರಿಗಳು ಕಾಯ್ದೆಯ ಹೊರಗೇ ಉಳಿದಿವೆ. ಅಂಥ ಏರಿಯೂ ಎಷ್ಟು ಹಾನಿ ಮಾಡಬಲ್ಲದೆಂದು 2019ರ ನವೆಂಬರ್ 24ರಂದು ಬೆಂಗಳೂರಿನ ಹುಳಿಮಾವು ಕೆರೆ ತೋರಿಸಿತು. ಅಲ್ಲಿ ಏರಿಯನ್ನು ಅಗೆದಿದ್ದರು. ಬಡಾವಣೆಯ ಮನೆಗಳೊಳಗೆ ನೀರು ನುಗ್ಗಿತು.

ನೋಡಲು ಹೋಗುವವರಿಗೆ: ಏರಿಯ ಮೇಲಿನ ನಡಿಗೆಗೆ, ನೋಟಕ್ಕೆ ಧಾರಾಳವಾಗಿ ಅಂಕ ಕೊಡಬಹುದು; ನೀರಿಗಿಳಿಯಲು ಸೊನ್ನೆ. ತಿಳಿನೀರಿನಲ್ಲಿ ತಳ ಹತ್ತಿರವಿದ್ದಂತೆ ಕಾಣುತ್ತದೆ, ಬಂಡೆಯಂಚು ದಾಟಿದರೆ ಒಮ್ಮೆಲೇ ಆಳ. ಈಜಲು ಹೋಗಿ ಇಲ್ಲಿ ಜೀವ ಕಳೆದುಕೊಂಡವರಿದ್ದಾರೆ. ಏರಿಯ ಕಲ್ಲುಕಟ್ಟಣೆಯಿಂದ ಕಲ್ಲು ಕಿತ್ತು ನೀರಿಗೆ ಎಸೆಯಬೇಡಿ, ಒಲೆಗೆ ಇಡಬೇಡಿ. ಒಂದು ಕಲ್ಲು ಹೋದ ಜಾಗದಲ್ಲಿ ಅಲೆ ಮಣ್ಣು ಕೀಳುತ್ತದೆ, ಮುಂದಿನ ಮಳೆಗಾಲಕ್ಕೆ ಪಕ್ಕದ ನಾಲ್ಕು ಕಲ್ಲು ಸಡಿಲಾಗಿರುತ್ತವೆ.