ರಾಯಚೂರಿನ ಬಿಸಿಲಲ್ಲಿ ನಾಯಿಗೆ ಬ್ಲೋವರ್ ಯಾಕೆ? 2400 ವ್ಯಾಟ್ ಮಷೀನು ಬಳಸಿ ಬರೆದದ್ದು

ಸ್ನಾನವಾದ ನಾಯಿಯ ಮೈಯನ್ನು ರಭಸದ ಗಾಳಿಯಿಂದ ಒಣಗಿಸುವ ಈ ಬ್ಲೋವರನ್ನು ಯಾರಿಗೆ ತೋರಿಸಿದರೂ ಮೊದಲು ಬರುವ ಮಾತು ಇದೇ: "ರಾಯಚೂರಾಗ ಇದ್ಕೊಂಡು ನಾಯಿ ಒಣಗ್ಸಾಕ ಮಷೀನ್ ಯಾಕ್ರಿ ಅಕ್ಕಾರ? ಮಾಳಿಗಿ ಮ್ಯಾಲ ಕಟ್ರಿ, ತಾನ ಒಣಗ್ತದ."

ಮೇಲಿನ ಕೂದಲು ಒಣಗುತ್ತದೆ, ನಿಜ. ಒಳಪದರ ಒಣಗುವುದಿಲ್ಲ. ಲ್ಯಾಬ್ರಡಾರ್, ಗೋಲ್ಡನ್, ಪೊಮೇರಿಯನ್ ಇವಕ್ಕೆಲ್ಲ ಮೇಲ್ಗೂದಲಿನ ಕೆಳಗೆ ಹತ್ತಿಯಂಥ ದಟ್ಟ ಪದರ ಇರುತ್ತದೆ. ಅದರಲ್ಲಿ ನೀರು ನಿಂತರೆ ಎರಡು ದಿನದಲ್ಲಿ ವಾಸನೆ, ಆಮೇಲೆ ಕೆರೆತ, ಆಮೇಲೆ ಚರ್ಮ ಕೆಂಪಾಗಿ ಹುಣ್ಣು. ಮೇ ತಿಂಗಳ ಮಾಳಿಗೆಯ ಮೇಲೆ ನಾಯಿ ಕಟ್ಟಿದರೆ ಅಂಗಾಲು ಸುಡುತ್ತದೆ, ಅದು ಬೇರೆ. ನಾಯಿ ಮನುಷ್ಯರಂತೆ ಮೈಯೆಲ್ಲ ಬೆವರುವುದಿಲ್ಲ, ತೇಕಿ ತೇಕಿಯೇ ತಂಪಾಗಬೇಕು.

ನಿಜಲಿಂಗಪ್ಪ ಕಾಲೊನಿಯಲ್ಲಿ ನಮ್ಮ ಮನೆಯ ಮುಂದಿನ ಶಟರ್ ಖೋಲಿಯನ್ನು ನಾಯಿ, ಬೆಕ್ಕುಗಳಿಗೆ ಸ್ನಾನ ಮಾಡಿಸಿ ಕೂದಲು ಓರಣ ಮಾಡುವ ಗ್ರೂಮಿಂಗ್ ಜಾಗ ಮಾಡುತ್ತಿದ್ದೇನೆ. ದಸರೆಗೆ ಬಾಗಿಲು ತೆರೆಯುವ ಆಸೆ. ಸಾಮಾನು ಕೊಳ್ಳುವಾಗ ಶಾಂಪೂ, ಸೆಂಟು, ರಿಬ್ಬನ್ ಎಲ್ಲ ಬದಿಗಿಟ್ಟು ಮೊದಲು ಈ ಬ್ಲೋವರ್ ತರಿಸಿದೆ. ಒಂದೇ ಮೋಟಾರಿನದು, ಹೆಸರಿಲ್ಲದ ಕಂಪನಿಯದು, ಎಂಟು ಸಾವಿರದ ಚಿಲ್ಲರೆ. ಬೇಸಿಗೆಯಿಡೀ ಪರಿಚಯದವರ ನಾಯಿಗಳ ಮೇಲೆ ಬಳಸಿದ್ದೇನೆ.

ಮೊದಲು ಕರೆಂಟಿನ ಮಾತು, ಯಾಕೆಂದರೆ ಮಾರುವವರು ಇದನ್ನು ಹೇಳುವುದೇ ಇಲ್ಲ. 2400 ವ್ಯಾಟ್ ಅಂದರೆ 230 ವೋಲ್ಟಿಗೆ ಹತ್ತು ಆಂಪಿಯರಿಗಿಂತ ಜಾಸ್ತಿ. ಫ್ಯಾನು, ಟಿವಿ ಹಾಕುವ ಸಣ್ಣ ಪ್ಲಗ್ಗಿಗೆ ಇದನ್ನು ಚುಚ್ಚುವಂತಿಲ್ಲ. ನಮ್ಮ ಎಲೆಕ್ಟ್ರಿಷಿಯನ್ ಅಣ್ಣ ಹಳೇ ವೈರಿಂಗ್ ನೋಡಿದವನೇ, "ಅಕ್ಕಾರ, ಈ ವೈರ್ ತಡಿಯಂಗಿಲ್ರಿ, ಮೀಟರಿಂದ ಬ್ಯಾರೆ ಲೈನ್ ಎಳೀತೀನಿ" ಅಂದ. 16 ಆಂಪಿಯರ್ ಪವರ್ ಪ್ಲಗ್, ದಪ್ಪ ವೈರು, ಬೇರೆ ಎಂಸಿಬಿ (ಲೋಡ್ ಜಾಸ್ತಿಯಾದರೆ ತಾನೇ ಆಫ್ ಆಗುವ ಸ್ವಿಚ್) ಹಾಕಿ ಅರ್ತಿಂಗ್ ಸರಿಮಾಡಿಕೊಟ್ಟ. ಒದ್ದೆ ನೆಲ, ಒದ್ದೆ ನಾಯಿ, ಒದ್ದೆ ಕೈ ಇರುವ ಜಾಗದಲ್ಲಿ ಅರ್ತಿಂಗಿಗೆ ಜಿಪುಣತನ ಬೇಡವೇ ಬೇಡ. ಮನೆಯ ಇನ್ವರ್ಟರ್ ಮೇಲೆ ಇದು ನಡೆಯುವುದಿಲ್ಲ. ಹಾಗಾಗಿ ಜೆಸ್ಕಾಂ ಲೈನ್ ಹೋಗುವ ಹೊತ್ತು ಯಾವುದೆಂದು ತಿಳಿದುಕೊಂಡೇ ಸ್ನಾನಕ್ಕೆ ಇಳಿಸಬೇಕು. ಅರ್ಧ ಒಣಗಿದ ನಾಯಿಯನ್ನು ಮಾಲೀಕರ ಕೈಗೆ ಕೊಡಲು ಬರುವುದಿಲ್ಲ.

ಮಷೀನಿನಲ್ಲಿ ಹೀಟರ್ ಸ್ವಿಚ್ ಬೇರೆ ಇದೆ. ಕೊಳ್ಳುವಾಗ ಇದನ್ನೇ ಮುಖ್ಯವಾಗಿ ನೋಡಿ: ಹೀಟರ್ ಪೂರ್ತಿ ಆಫ್ ಆಗಬೇಕು. ನಾಯಿಯ ಮೈಬಿಸಿ ಸಹಜವಾಗಿಯೇ 101ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್. ಅಂದರೆ ಸುಮಾರು 38ರಿಂದ 39 ಡಿಗ್ರಿ ಸೆಲ್ಸಿಯಸ್. ನಮ್ಮ ಬೇಸಿಗೆಯ ಮಧ್ಯಾಹ್ನ ಬ್ಲೋವರ್ ಒಳಗೆ ಎಳೆದುಕೊಳ್ಳುವ ಗಾಳಿಯೇ 40 ಡಿಗ್ರಿ ಸೆಲ್ಸಿಯಸ್ ದಾಟಿರುತ್ತದೆ, ಮೋಟಾರು ಅದಕ್ಕಿಷ್ಟು ಬಿಸಿ ಸೇರಿಸುತ್ತದೆ. ಆ ಗಾಳಿಯನ್ನು ಮೂಗು ಚಪ್ಪಟೆಯಾದ ಪಗ್ ಅಥವಾ ಶಿಟ್ಜು ಮೇಲೆ ಬಿಡುವುದು ಅಪಾಯ. ನಾನು ಮೇ ತಿಂಗಳಲ್ಲಿ ಬೆಳಿಗ್ಗೆ ಏಳರಿಂದ ಹತ್ತರೊಳಗೆ ಮಾತ್ರ ಮಾಡಿದೆ. ಕೂಲರ್ ಇಟ್ಟೂ ನೋಡಿದೆ, ಖೋಲಿ ತಂಪಾಯಿತು, ಆದರೆ ಗಾಳಿಯಲ್ಲಿ ತೇವ ಏರಿ ಕೂದಲು ಒಣಗಲು ಇನ್ನೂ ಹೊತ್ತು ಹಿಡಿಯಿತು. ಬಂಡವಾಳ ಇದ್ದವರು ಎಸಿಯನ್ನೇ ಲೆಕ್ಕಕ್ಕೆ ಹಿಡಿಯಿರಿ.

ಕೆಲಸದ ಬಗ್ಗೆ ಹೇಳುವುದಾದರೆ, ನನಗೆ ಈ ಮಷೀನು ತುಂಬಾ ಇಷ್ಟವಾಗಿದೆ. ಗಾಳಿಯ ರಭಸಕ್ಕೆ ಕೂದಲು ಎರಡು ಪಾಲಾಗಿ ಬುಡದ ಚರ್ಮ ಕಾಣುತ್ತದೆ. ಕಿವಿಯ ಮಡಿಕೆ, ಬೆರಳುಗಳ ಸಂದು, ಬಾಲದ ಬುಡ ಈ ಜಾಗಗಳಲ್ಲಿ ನಿಧಾನವಾಗಿ ನಳಿಕೆ ಸರಿಸುತ್ತ ಹೋದರೆ ಕೈಗೆ ಸಿಗದ ಉಣ್ಣಿ ಕಣ್ಣಿಗೆ ಸಿಗುತ್ತದೆ. ದೇವಸುಗೂರು ಕಡೆಯಿಂದ ಬಂದ ಒಂದು ಗೋಲ್ಡನ್‌ಗೆ ಎಡಗಿವಿಯ ಹಿಂದೆ ರಕ್ತ ಕುಡಿದು ಉಬ್ಬಿದ ಬೂದುಬಣ್ಣದ ಉಣ್ಣಿಗಳು ಸಾಲಾಗಿ ಕೂತಿದ್ದವು. ಮನೆಯವರು ದಿನಾ ತಲೆ ಸವರುತ್ತಿದ್ದರೂ ಗೊತ್ತಾಗಿರಲಿಲ್ಲ. ತುಟಿ ಎತ್ತಿ ನೋಡಿದೆ, ಒಸಡು ಬಿಳಚಿಕೊಂಡಿತ್ತು, ಮೈಯಲ್ಲಿ ರಕ್ತ ಕಡಿಮೆಯಾಗಿರಬಹುದು ಅನ್ನುವ ಗುರುತು ಅದು. ಅಲ್ಲಿಗೇ ಕೆಲಸ ನಿಲ್ಲಿಸಿ ಡಾಕ್ಟರ ಹತ್ತಿರ ಕಳಿಸಿದೆ. ಉಣ್ಣಿಯಿಂದ ಬರುವ ಎರ್ಲಿಕಿಯಾ, ಬೇಬಿಸಿಯಾ ಜ್ವರಗಳು ಪ್ರಾಣ ತೆಗೆಯುವಂಥವು. ಅದನ್ನು ಗುರುತಿಸಿ ಮದ್ದು ಕೊಡುವುದು ಪಶುವೈದ್ಯರ ಕೆಲಸ, ಕಂಡದ್ದನ್ನು ಹೇಳುವುದು ನಮ್ಮ ಕೆಲಸ. ಇದೊಂದಕ್ಕೇ ಈ ಮಷೀನು ಕೊಟ್ಟ ದುಡ್ಡಿಗೆ ಸಾರ್ಥಕ ಅಂತ ನಾನು ಹೇಳುತ್ತೇನೆ.

ಸದ್ದು ಮಾತ್ರ ಜಾಸ್ತಿ. ನಮಗೆ ಕೇಳದ ಸದ್ದೂ ನಾಯಿಗೆ ಕೇಳುತ್ತದೆ. ಮೊದಲು ಮಷೀನನ್ನು ಖೋಲಿಯ ಆ ಮೂಲೆಯಲ್ಲಿ ಸುಮ್ಮನೆ ಓಡಿಸಿ, ಈ ಕಡೆ ಬೇಯಿಸಿದ ಕೋಳಿ ಚೂರು ತಿನ್ನಿಸುತ್ತ ಕೂರಬೇಕು. ಕಿವಿಗೆ ಬಟ್ಟೆಯ ಪಟ್ಟಿ ಸುತ್ತಬೇಕು, ಹಿಂಗಾಲಿನಿಂದ ಶುರು ಮಾಡಬೇಕು, ಮುಖದ ಮೇಲೆ ಗಾಳಿ ಬಿಡಲೇಬಾರದು. ಮುಖಕ್ಕೆ ಟವೆಲ್ ಸಾಕು. ಬೆಕ್ಕುಗಳಿಗೆ ನಾನು ಇದನ್ನು ಬಳಸುವುದಿಲ್ಲ, ಅವು ತಡೆದುಕೊಳ್ಳುವುದಿಲ್ಲ. ಉದ್ದ ಕೂದಲಿಗೆ ಚೂಪು ನಳಿಕೆ ಹತ್ತಿರ ಹಿಡಿದರೆ ತುದಿಗಳು ಸುತ್ತಿಕೊಂಡು ಗಂಟಾಗುತ್ತವೆ, ಅಲ್ಲಿ ಅಗಲ ನಳಿಕೆ ಹಾಕಿ. ಮುಧೋಳ ನಾಯಿಯಂಥ ಗಿಡ್ಡ ಕೂದಲಿನವಕ್ಕೆ ಮಷೀನೇ ಬೇಕಿಲ್ಲ.

ದೂರು ಎರಡಿವೆ. ಹಿಂಬದಿಯ ಸ್ಪಂಜಿನ ಫಿಲ್ಟರಿಗೆ ನಮ್ಮೂರಿನ ಧೂಳು, ಉದುರಿದ ಕೂದಲು ಬೇಗ ಮೆತ್ತಿಕೊಂಡು ಗಾಳಿ ಕುಗ್ಗುತ್ತದೆ, ಮೋಟಾರು ಬಿಸಿಯಾಗುತ್ತದೆ. ವಾರಕ್ಕೊಮ್ಮೆ ತೊಳೆದು ಪೂರ್ತಿ ಒಣಗಿಸಿ ಹಾಕುತ್ತಿದ್ದೇನೆ. ಇನ್ನೊಂದು, ಪೈಪು ಬುಡದಲ್ಲಿ ಸೀಳಿದಾಗ ಮಾರಿದವರು ಮಷೀನನ್ನೇ ಬೆಂಗಳೂರಿಗೆ ಕಳಿಸಿ ಅಂದರು. ವಾರಂಟಿ ಮೋಟಾರಿಗೆ ಮಾತ್ರವಂತೆ, ಪೈಪಿಗೆ ಇಲ್ಲವಂತೆ. ಕೊಳ್ಳುವಾಗಲೇ ಇನ್ನೊಂದು ಪೈಪು, ಮೋಟಾರಿನೊಳಗೆ ಕೂರುವ ಒಂದು ಜೊತೆ ಕಾರ್ಬನ್ ಬ್ರಷ್ ಕೇಳಿ ತರಿಸಿಕೊಳ್ಳಿ. ಬ್ರಷ್ ಸವೆದರೆ ಮಿಕ್ಸಿ ರಿಪೇರಿಯವರೇ ಬದಲಿಸಿಕೊಡುತ್ತಾರೆ.

ಈ ದಾರಿಗೆ ಬರುವವರಿಗೆ ದುಡ್ಡಿನ ಅಂದಾಜು: ಬ್ಲೋವರ್, ರಬ್ಬರ್ ಹಾಸಿನ ಟೇಬಲ್, ಕೂದಲು ಕತ್ತರಿಸುವ ಒಂದು ಒಳ್ಳೆಯ ಕ್ಲಿಪರ್ ಇಷ್ಟೂ ಸಣ್ಣ ಉದ್ಯಮಕ್ಕೆ ಬ್ಯಾಂಕು ಕೊಡುವ ಮುದ್ರಾ ಶಿಶು ಸಾಲದ 50,000 ರೂಪಾಯಿ ಮಿತಿಯೊಳಗೆ ಕೂರುತ್ತವೆ. ಅದಕ್ಕೂ ಮುಂಚೆ ಕಚ್ಚಿಸಿಕೊಳ್ಳುವ ಕೆಲಸ ಇದು ಅನ್ನುವುದು ನೆನಪಿರಲಿ. ನಾಯಿ ಕಚ್ಚುವ ಮೊದಲೇ ತೆಗೆದುಕೊಳ್ಳುವ ರೇಬಿಸ್ ಲಸಿಕೆ ಇದೆ, ಡಾಕ್ಟರನ್ನು ಕೇಳಿ ಹಾಕಿಸಿಕೊಳ್ಳಿ, ನಾನು ಹಾಕಿಸಿಕೊಂಡಿದ್ದೇನೆ. ಲಸಿಕೆ ಕಾರ್ಡ್ ತರದ ನಾಯಿಯನ್ನು ಟೇಬಲ್ಲಿಗೆ ಹತ್ತಿಸಬೇಡಿ, ಎಷ್ಟೇ ಪರಿಚಯದವರಾಗಿರಲಿ.

ಐದಕ್ಕೆ ನಾಲ್ಕು ಅಂಕ ಕೊಡುತ್ತೇನೆ. ಸಣ್ಣ ಊರಿನಲ್ಲಿ ಶುರು ಮಾಡುವವರಿಗೆ ಒಂದು ಮೋಟಾರಿನದೇ ಸಾಕು. ಎರಡು ಮೋಟಾರಿನದಕ್ಕೆ ಕರೆಂಟೂ ಜಾಸ್ತಿ, ಸದ್ದೂ ಜಾಸ್ತಿ. ಸೇಂಟ್ ಬರ್ನಾರ್ಡ್, ಹಸ್ಕಿಗಳು ವಾರವಾರ ಬರತೊಡಗಿದಾಗ ಅದರ ಯೋಚನೆ ಮಾಡಿದರಾಯಿತು.